ಗುಲಾಬಿ ನನ್ನ ಪರವಾಗಿ ಹೇಳುತ್ತಿದ್ದ ಹೆಸರು

ಗುಲಾಬಿಯ ವಿಷಯ ಬರೆಯಬೇಕೆಂದು ಕೂತಿದ್ದೇನೆ. ನಮ್ಮ ಟೌನ್‌ಶಿಪ್ಪಿನ ಹೆಸರು ಮಾತ್ರ ಹಾಕಬೇಡಿ ಅಂತ ಅವಳೇ ಕೇಳಿಕೊಂಡಿದ್ದಾಳೆ. ಅಮೆರಿಕದ ಮನ್ರೋದಿಂದ ಕಾರಿನಲ್ಲಿ ಹತ್ತು ನಿಮಿಷ ಅಂದುಕೊಂಡರೆ ಸಾಕು.

ಅವಳು ಕಟಪಾಡಿಯವಳು. ಗಂಡ ಕರುಣಾಕರ ಇಲ್ಲಿ ಒಂದು ಸಣ್ಣ ಹೋಟೆಲು ನಡೆಸುತ್ತಾನೆ, ಇವಳು ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ವರ್ಷದಲ್ಲಿ ಎರಡು ದಿನ ಮಾತ್ರ ಅವಳು ಬೇರೆಯೇ ಹೆಂಗಸು. ಜೂನಿನಲ್ಲಿ ಒಂದು ಮಂಗಳವಾರ, ನವೆಂಬರಿನಲ್ಲಿ ಒಂದು ಮಂಗಳವಾರ. ಆ ದಿನ ನಮ್ಮ ಫೈರ್ ಸ್ಟೇಷನ್ನಿನಲ್ಲಿ ವೋಟು. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದ ಮೇಜು ಹಾಕುತ್ತಾರೆ. ಮೇಜಿನ ಮೇಲೆ ಊರಿನವರ ಹೆಸರಿರುವ ದಪ್ಪ ಪುಸ್ತಕ. ಪುಸ್ತಕದ ಹಿಂದೆ ಗುಲಾಬಿ, ಕಂದು ಬಣ್ಣದ ಸ್ವೆಟರು, ಕೈಯಲ್ಲಿ ಮರದ ರೂಲರು.

ಆ ಪುಸ್ತಕದ ಕ್ರಮ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕು. ಒಬ್ಬೊಬ್ಬರಿಗೆ ಒಂದು ಸಾಲು. ಸಾಲಿನಲ್ಲಿ ಹೆಸರು, ಮನೆ ನಂಬರು, ಮತ್ತು ಹಿಂದೆ ನೀವು ಹಾಕಿಕೊಟ್ಟ ಸಹಿ ಅಚ್ಚಾಗಿರುತ್ತದೆ. ಪಕ್ಕದಲ್ಲಿ ಖಾಲಿ ಜಾಗ. ನೀವು ಹೆಸರು ಹೇಳಬೇಕು, ಅವರು ಹುಡುಕಿ ರೂಲರು ಇಡುತ್ತಾರೆ, ನೀವು ಖಾಲಿ ಜಾಗದಲ್ಲಿ ಸಹಿ ಹಾಕಬೇಕು. ಎರಡು ಸಹಿಯೂ ಒಂದೇ ಥರ ಇದ್ದರೆ ಒಂದು ಚೀಟಿ ಕೊಡುತ್ತಾರೆ. ಚೀಟಿ ಕೊಟ್ಟರೆ ಮೆಷಿನ್ನಿನ ಪರದೆಯ ಹಿಂದೆ ಬಿಡುತ್ತಾರೆ.

ಗುಲಾಬಿ ಹತ್ತು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳು. ಯಾರು ಯಾವ ಕಡೆ ಅಂತ ಅವಳಿಗೆ ಬಾಯಿಬಿಡದೆ ಗೊತ್ತಾಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಮೊದಲೇ ನಿಲ್ಲುವವರು ಹಳೇ ಹೊಲದ ಜನ, ಊರಿಗೆ ಹೊಸ ಮನೆ ಬೇಡ ಅನ್ನುವವರು. ಹತ್ತು ಗಂಟೆಗೆ ವ್ಯಾನಿನಲ್ಲಿ ಬರುವ ಮುದುಕರು ತೆರಿಗೆ ಜಾಸ್ತಿ ಮಾಡಿದವರನ್ನು ಇಳಿಸಲು ಬರುವವರು. ಸಂಜೆ ಏಳೂವರೆಗೆ ನ್ಯೂಯಾರ್ಕಿನ ರೈಲು ಇಳಿದು ಟೈ ಸಡಿಲ ಮಾಡಿಕೊಂಡು ಓಡಿ ಬರುವವರು ನಮ್ಮವರು, ಸ್ಕೂಲು ಚೆನ್ನಾಗಿರಲಿ ಅನ್ನುವವರು. ಯಾರು ಗೆಲ್ಲುತ್ತಾರೆ ಎಂದು ಕೇಳಿದರೆ ಮಾತ್ರ ಅವಳು ನಗುತ್ತಿದ್ದಳು.

"ಅದನ್ನು ಹೇಳಿದ್ರೆ ಕುರ್ಚಿ ಹೋಗ್ತದೆ ಅಕ್ಕ. ನನಗೆ ಈ ಊರಲ್ಲಿ ಮರ್ಯಾದೆ ಅಂತ ಇರುದು ಅದೊಂದೇ ಕುರ್ಚಿ. ಉಳಿದ ದಿನ ನಾನು ಪಿಜ್ಜಾ ಬಡಿಸುವ ಹೆಂಗಸು."

ನನಗೂ ಆ ಕುರ್ಚಿಗೂ ಒಂದು ಸಂಬಂಧ ಇತ್ತು. ಇಲ್ಲಿ ಹೆಸರು ಅಂದರೆ ಮೊದಲು ಕೊನೆಯ ಹೆಸರು ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿ ನನ್ನ ಕೊನೆಯ ಹೆಸರು ನಮ್ಮ ಯಜಮಾನರ ಹೆಸರು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಅಂತ ನಮ್ಮಜ್ಜಿ ಹೇಳಿಕೊಟ್ಟಿದ್ದಳು. ಮದುವೆಯ ದಿನ ಹೆಸರು ಹೇಳಿಸುವ ಶಾಸ್ತ್ರದಲ್ಲಿ ಒಂದು ಸಲ ಹೇಳಿದ್ದು, ಆಮೇಲೆ ಇಲ್ಲ. ಬರೆದರೆ ದೋಷವಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ: ಸೂರ್ಯನಾರಾಯಣ.

ಮೊದಲ ಸಲ ವೋಟು ಹಾಕಲು ಹೋದಾಗ ಮೇಜಿನ ಮುಂದೆ ಬಾಯಿ ಕಟ್ಟಿ ನಿಂತೆ. ಯಜಮಾನರು ಹಿಂದೆ ನಿಂತು ನಗುತ್ತಿದ್ದರು. "ಹೇಳೇ ಕೃಷ್ಣಮ್ಮ, ಅಮೆರಿಕದವರೇ ಕೇಳ್ತಾ ಇದಾರೆ, ಈಗಾದ್ರೂ ಹೇಳು" ಅಂದರು. ಗುಲಾಬಿಗೆ ತಕ್ಷಣ ಅರ್ಥವಾಯಿತು. ನನ್ನ ಪರವಾಗಿ ಗಟ್ಟಿಯಾಗಿ ಹೆಸರು ಹೇಳಿ, ಪಕ್ಕದಲ್ಲಿ ಕೂತ ಬಿಳಿ ಅಜ್ಜಿಗೆ ಕೇಳಿಸಿ, ರೂಲರು ಇಟ್ಟಳು. ಅಂದಿನಿಂದ ಪ್ರತಿ ಸಲ ಹೆಸರು ಅವಳು ಹೇಳುವುದು, ಸಹಿ ನಾನು ಹಾಕುವುದು.

ಪುಸ್ತಕದಲ್ಲಿ ನಮ್ಮವು ಎರಡು ಸಾಲು, ಒಂದರ ಕೆಳಗೆ ಒಂದು. ಅವರದು ಕೈವಾರ ಸೂರ್ಯನಾರಾಯಣ. ಕೈವಾರ ನಮ್ಮ ಊರು, ಆದರೆ ಇಲ್ಲಿಯವರು ಅದನ್ನೇ ಅವರ ಹೆಸರು ಮಾಡಿದ್ದರು. ಪೋಸ್ಟಿನವನು "ಮಿಸ್ಟರ್ ಕೈವಾರ" ಅನ್ನುತ್ತಿದ್ದ. ಕೆಳಗಿನ ಸಾಲು ಕೃಷ್ಣಮ್ಮ ಸೂರ್ಯನಾರಾಯಣ, ನಾನು.

ಅವರು ಹೋಗಿದ್ದು ಎರಡು ಸಾವಿರದ ಎಂಟನೇ ಇಸವಿ ಫೆಬ್ರವರಿ ಹನ್ನೊಂದು, ಸೋಮವಾರ. ಆಸ್ಪತ್ರೆಯಲ್ಲಿ ಕೊನೆಗೆ ಕೇಳಿದ ಮಾತು, "ವೋಟು ಯಾವತ್ತು?" ಅಂತ. ಇನ್ನೂ ದೂರ ಇದೆ ಅಂದೆ. "ನಾನು ಹೋಗದೆ ಇರಲ್ಲ" ಅಂದರು. ಜ್ವರದ ಮಾತು ಅಂದುಕೊಂಡೆ.

ಅಕ್ಟೋಬರಿನಲ್ಲಿ ಮಾದರಿ ಬ್ಯಾಲೆಟ್ಟು ಪೋಸ್ಟಿನಲ್ಲಿ ಬಂತು. ಯಾರು ಯಾರು ನಿಂತಿದ್ದಾರೆ ಅಂತ ತೋರಿಸಲು ವೋಟಿಗೆ ಮೊದಲು ಎಲ್ಲರ ಮನೆಗೂ, ತಲೆಗೊಂದರಂತೆ, ಅವರವರ ಹೆಸರು ಅಚ್ಚಾಗಿ ಬರುವ ಕಾಗದ. ನಮ್ಮ ಮನೆಗೆ ಎರಡು ಬಂದವು. ಅವರದನ್ನು ಅವರ ಫೋಟೋದ ಮುಂದೆ ಇಟ್ಟೆ.

ಆ ನವೆಂಬರಿನಲ್ಲಿ ಗುಲಾಬಿ ಪುಸ್ತಕ ತೆರೆದು ನಮ್ಮ ಎರಡು ಸಾಲು ಹುಡುಕಿದಳು. ಆಮೇಲೆ ರೂಲರನ್ನು ಮೇಲಿನ ಸಾಲು ಮುಚ್ಚುವ ಹಾಗೆ ಇಟ್ಟಳು.

"ಭಾವ ಇನ್ನೂ ಪುಸ್ತಕದಲ್ಲಿ ಉಂಟು ಅಕ್ಕ," ಅಂದಳು, ಪಕ್ಕದವರಿಗೆ ಕೇಳಿಸದ ಹಾಗೆ. "ತೆಗೆಸ್ಬೇಕಲ್ಲ. ಫೋನ್ ಮಾಡಿ ಹೆಸರು ಹೇಳಿದ್ರೆ ಆಯ್ತು."

"ಇರಲಿ ಬಿಡು" ಅಂದೆ.

ಅವಳು ಬಿಟ್ಟಳು. ಸತ್ತವರ ಹೆಸರು ಗೊತ್ತಾದರೆ ತಿಳಿಸುವುದು ಅವಳ ಕೆಲಸ. ನನಗೋಸ್ಕರ ಬಿಟ್ಟಳು.

ಅದು ಬ್ಯಾಂಕುಗಳು ಬಿದ್ದು, ಸಾಲ ಕಟ್ಟಲಾಗದೆ ಜನ ಮನೆ ಬಿಟ್ಟ ವರ್ಷ. ಮುಂದಿನ ವರ್ಷದ ಹೊತ್ತಿಗೆ ನಮ್ಮ ಹಿಂದಿನ ಬೀದಿಯಲ್ಲಿ ಹತ್ತೊಂಬತ್ತು ಮನೆಗಳಲ್ಲಿ ಹನ್ನೊಂದು ಖಾಲಿ. ಹುಲ್ಲು ಮೊಣಕಾಲಿನವರೆಗೆ. ಬೀದಿಯ ಕೊನೆಯಲ್ಲಿ ಬಿಲ್ಡರು ಅರ್ಧಕ್ಕೆ ಬಿಟ್ಟ ಹೊಸ ಬಡಾವಣೆ. ರಸ್ತೆ ಇದೆ, ದೀಪದ ಕಂಬ ಇದೆ, ಮನೆ ಇಲ್ಲ. ಕತ್ತಲಾಗುವ ಹೊತ್ತಿಗೆ ದೀಪಗಳು ತಾವಾಗಿಯೇ ಹತ್ತಿಕೊಂಡು ಬರೀ ಮಣ್ಣಿಗೆ ಬೆಳಕು ಬೀಳುತ್ತಿತ್ತು. ಅಕ್ಟೋಬರಿನಲ್ಲಿ ಅಲ್ಲಿ ನಡೆಯಲು ಹೋದಾಗ ನೋಡಿದೆ, ಖಾಲಿ ಮನೆಗಳ ಪೋಸ್ಟಿನ ಡಬ್ಬಗಳಿಂದ ಮಾದರಿ ಬ್ಯಾಲೆಟ್ಟು ಹೊರಗೆ ಇಣುಕುತ್ತಿದ್ದವು. ಪೋಸ್ಟಿನವನು ಹಾಕಿಹೋಗಿದ್ದ. ಒಳಗೆ ಯಾರೂ ಇರಲಿಲ್ಲ.

ಗುಲಾಬಿಗೆ ಹೇಳಿದೆ. "ಪುಸ್ತಕದಲ್ಲಿ ಅವರೆಲ್ಲ ಉಂಟು ಅಕ್ಕ," ಅಂದಳು. "ಜೂನಲ್ಲಿ ಆ ಹೆಸರುಗಳ ಪುಟ ತಿರುಗಿಸುವಾಗ ಬೆರಳು ತಣ್ಣಗಾಯ್ತು. ಬೀದಿ ಖಾಲಿ, ಪುಸ್ತಕ ತುಂಬ ಜನ. ಬಾಗಿಲ ಕಡೆ ನೋಡ್ತಾ ಕೂತೆ, ಬರ್ತಾರೇನೋ ಅಂತ."

ಆ ನವೆಂಬರಿನಲ್ಲಿ ಊರಿನ ಕೌನ್ಸಿಲ್ಲಿನ ಒಂದು ಕುರ್ಚಿಗೆ ಇಬ್ಬರು ನಿಂತಿದ್ದರು. ಆ ಅರ್ಧಕ್ಕೆ ನಿಂತ ಬಡಾವಣೆಯನ್ನು ಮುಗಿಸೋಣ ಅನ್ನುವ ಕಾಂಟ್ರಾಕ್ಟರು ಒಬ್ಬ, ಅದನ್ನು ಪಾರ್ಕು ಮಾಡೋಣ ಅನ್ನುವ ಸ್ಕೂಲಿನ ಟೀಚರಮ್ಮ ಒಬ್ಬಳು. ವೋಟಿನ ಹಿಂದಿನ ವಾರ ನನ್ನ ಎಡಗಣ್ಣಿನ ಪೊರೆ ತೆಗೆದಿದ್ದರು. ಕಪ್ಪು ಕನ್ನಡಕ, ತಲೆಗೆ ಉಲ್ಲನ್ ಟೋಪಿ. ಪ್ರತಿ ಸಲ ಸಂಜೆ ಹೋಗುತ್ತಿದ್ದವಳು ಆ ಸಲ ಮಧ್ಯಾಹ್ನ ಒಂದು ಗಂಟೆಗೆ ಹೋದೆ, ಏಕೆಂದರೆ ಮೊಮ್ಮಗಳು ನವ್ಯಾಗೆ ಆಗ ಮಾತ್ರ ಬಿಡುವು.

"ಅಜ್ಜಿ, ಹರಿ ಅಪ್, ಐ ಹ್ಯಾವ್ ಎ ಕಾಲ್ ಅಟ್ ಟೂ," ಅಂತ ಕಾರಿನಿಂದಲೇ ಕೂಗಿದಳು. ಬಾಗಿಲ ಹತ್ತಿರ ತೂಗುಹಾಕಿದ್ದ ಕೋಟು ಎಳೆದುಕೊಂಡು ಹಾಕಿಕೊಂಡೆ. ಅದು ಯಜಮಾನರದು. ಮೇಜಿನ ಮೇಲಿದ್ದ ಮಾದರಿ ಬ್ಯಾಲೆಟ್ಟು ಎತ್ತಿಕೊಂಡು ಹೋದೆ.

ಫೈರ್ ಸ್ಟೇಷನ್ನಿನಲ್ಲಿ ಗುಲಾಬಿ ಕುರ್ಚಿಯಲ್ಲಿ ಇರಲಿಲ್ಲ. ಊಟಕ್ಕೆ ಹೋಗಿದ್ದಳು. ಅವಳ ಊಟ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಒಂದು ಸಲ ಮೇಜಿನ ಹಿಂದೆ ಡಬ್ಬಿ ತೆಗೆದಾಗ ಯಾರೋ ಗ್ಯಾಸು ಸೋರುತ್ತಿದೆ ಅಂತ ಫೈರಿನವರನ್ನು ಕರೆದಿದ್ದರಂತೆ. ಫೈರಿನವರು ಅಲ್ಲೇ ಇದ್ದರು, ಅದೊಂದೇ ಅನುಕೂಲ. ಅಂದಿನಿಂದ ಅವಳು ಕಾರಿನಲ್ಲಿ ಕೂತು ಕಿಟಕಿ ಏರಿಸಿಕೊಂಡು ಉಣ್ಣುತ್ತಾಳೆ. ಪಕ್ಕದ ಬಿಳಿ ಅಜ್ಜಿ ಹೆಸರು ಕೇಳಿದಳು. ನಾನು ಬಾಯಿ ತೆಗೆಯದೆ ಕೈಯಲ್ಲಿದ್ದ ಕಾಗದ ಕೊಟ್ಟೆ. ಅವಳು ಬೆರಳಿಟ್ಟಳು, ಒಂದು ಕಣ್ಣಿನಲ್ಲಿ ಕಂಡಷ್ಟು ನೋಡಿ ಸಹಿ ಹಾಕಿದೆ. ವೋಟು ಹಾಕಿದೆ. ಕೋಟಿನ ಮೇಲೆ ವೋಟು ಹಾಕಿದ ಗುರುತಿಗೆ ಸ್ಟಿಕ್ಕರ್ ಅಂಟಿಸಿದರು. ಮನೆಗೆ ಬಂದೆ.

ಟೀಚರಮ್ಮ ಒಂದೇ ಒಂದು ವೋಟಿನಲ್ಲಿ ಗೆದ್ದಳು.

ವೋಟಾದ ಹದಿಮೂರನೇ ದಿನ, ಸಂಜೆ ನಾಲ್ಕೂವರೆ. ಹೊರಗೆ ಆಗಲೇ ಕತ್ತಲಾಗುತ್ತಿತ್ತು. ಗುಲಾಬಿ ಬಂದು ಚಪ್ಪಲಿ ಬಿಡದೆ ಅಡುಗೆಮನೆಯವರೆಗೆ ಬಂದಳು. ಅವಳು ಹಾಗೆ ಮಾಡುವವಳಲ್ಲ.

"ಅಕ್ಕ, ನೀವು ಕೂತ್ಕೊಳ್ಳಿ," ಅಂದಳು.

"ಏನಾಯ್ತೇ? ಕರುಣಾಕರ ಚೆನ್ನಾಗಿದಾನಾ?"

"ಅವರಿಗೆಂತದ್ದೂ ಆಗ್ಲಿಲ್ಲ. ಕಾಂಟ್ರಾಕ್ಟರಿನ ಕಡೆಯವರು ಪುಸ್ತಕ ತೆಗೆಸಿ ಸಾಲು ಸಾಲು ಓದ್ತಾ ಇದ್ದಾರೆ. ಪೇಪರಲ್ಲಿ ಬಂದ ಸಾವಿನ ಸುದ್ದಿ ಎಲ್ಲ ಪಕ್ಕದಲ್ಲಿ ಇಟ್ಕೊಂಡು." ನೀರು ಕುಡಿದಳು. "ಭಾವ ವೋಟು ಹಾಕಿದ್ದಾರೆ."

ನಾನು ಒಲೆ ಆರಿಸಿದೆ.

"ಸಹಿ ಉಂಟು ಅಕ್ಕ. ನನ್ನನ್ನು ಕರೆಸಿ ತೋರಿಸಿದ್ರು. ಅವರದೇ ಸಹಿ. ಅಚ್ಚಾದದ್ದು ಒಂದು ಕಡೆ, ಹೊಸ ಶಾಯಿಯದ್ದು ಒಂದು ಕಡೆ. ಒಂದು ಗೆರೆ ಹೆಚ್ಚು ಕಡಿಮೆ ಇಲ್ಲ. ನಾನು ಆ ಪುಟ ಅಲ್ಲಿಗೆ ಮುಚ್ಚಿದೆ. ಮತ್ತೆ ನೋಡಲಿಕ್ಕೆ ಆಗ್ಲಿಲ್ಲ ನನಗೆ."

ಅವಳಿಗೆ ಇನ್ನೊಂದು ಲೋಟ ನೀರು ಕೊಟ್ಟೆ.

"ಭಾವ ಸತ್ತದ್ದು ನನಗೆ ಗೊತ್ತಿತ್ತು ಅಂತ ಕಾಂಟ್ರಾಕ್ಟರಿನ ಕಡೆಯವರಿಗೆ ಗೊತ್ತಾಗಿದೆ," ಅಂದಳು. "ಶವಸಂಸ್ಕಾರಕ್ಕೆ ಇಡ್ಲಿ ಕಳಿಸಿದ್ದು ನಮ್ಮ ಹೋಟೆಲಿಂದಲ್ವಾ? ಗೊತ್ತಿದ್ದೂ ತೆಗೆಸ್ಲಿಲ್ಲ, ಈಗ ಆ ಹೆಸರಲ್ಲಿ ಒಂದು ವೋಟು, ಆ ಒಂದರಲ್ಲೇ ಸೋಲು ಗೆಲುವು. ನಾನೇ ಯಾರನ್ನೋ ಕಳಿಸಿದೆ ಅಂತ ಹೇಳ್ತಾರೆ. ಕೌಂಟಿಯ ಆಫೀಸಲ್ಲಿ ವಿಚಾರಣೆ. ಕುರ್ಚಿ ಹೋಗುದು ಬಿಡಿ, ಕೇಸು ಹಾಕ್ತಾರಂತೆ."

"ಯಾರು ಹಾಕಿರಬಹುದು ಆ ಸಹಿ?"

ಗುಲಾಬಿ ನನ್ನ ಮುಖ ನೋಡಲಿಲ್ಲ, ಬಾಗಿಲ ಹತ್ತಿರ ತೂಗುಹಾಕಿದ್ದ ಕೋಟನ್ನು ನೋಡಿದಳು. "ನಮ್ಮ ಕಡೆ ಆದ್ರೆ ಯಾರಂತ ಕೇಳುದಿಲ್ಲ ಅಕ್ಕ. ಹೋದವರೇ ಬಂದಿದ್ರು ಅಂತ ಹೇಳ್ತಾರೆ, ಅವರಿಗೆ ಎಲೆ ಹಾಕಿ ಬಡಿಸ್ತಾರೆ."

ಅವಳು ಹೋದ ಮೇಲೆ ಕೋಟಿನ ಹತ್ತಿರ ಹೋದೆ. ಎದೆಯ ಮೇಲೆ ವೋಟು ಹಾಕಿದವರ ಸ್ಟಿಕ್ಕರ್ ಇನ್ನೂ ಇತ್ತು. ಆ ಕೋಟು ಹಾಕಿಕೊಂಡು ಹೋದವಳು ನಾನೇ, ಅಂಟಿಸಿದ್ದು ನನ್ನ ಎದುರಿಗೇ. ಗೊತ್ತಿದ್ದೂ ಅದನ್ನು ಮುಟ್ಟಲು ಹೋಗಲಿಲ್ಲ. ತೋಳುಗಳು ಒಳಗೆ ಯಾರೋ ಇರುವ ಹಾಗೆ ಉಬ್ಬಿಕೊಂಡಿದ್ದವು. ಫೋಟೋದ ಮುಂದೆ ನೋಡಿದೆ. ಆ ವರ್ಷದ ಕಾಗದ ಅಲ್ಲಿರಲಿಲ್ಲ. ಇಟ್ಟಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ನಾನು ಹೋಗದೆ ಇರಲ್ಲ ಅಂದಿದ್ದರು. ಮಾತಿಗೆ ತಪ್ಪಿದವರಲ್ಲ.

ಆರು ದಿನ ಹಾಗೆಯೇ ಕಳೆಯಿತು. ಮಗಳಿಗೆ, ನವ್ಯಾಳ ಅಮ್ಮನಿಗೆ, ಹೇಳಲಿಲ್ಲ. ಮಧ್ಯಾಹ್ನ ಒಬ್ಬಳೇ ಇದ್ದಾಗ ಎರಡು ಲೋಟ ಕಾಫಿ ಸೋಸಿದೆ. ಹೆದರಿಕೆ ಅಂತ ಹೇಳಲಾರೆ. ಬಂದವರು ಫೈರ್ ಸ್ಟೇಷನ್ನಿನವರೆಗೆ ಬಂದು ಮನೆಗೆ ಯಾಕೆ ಬರಲಿಲ್ಲ ಅನ್ನುವುದೇ ನನಗೆ ಹತ್ತಿದ ಯೋಚನೆ.

ಏಳನೇ ದಿನ ಗುಲಾಬಿ ಮತ್ತೆ ಬಂದಳು. ಒಂದೇ ವಾರದಲ್ಲಿ ಕೆನ್ನೆ ಒಳಗೆ ಹೋಗಿದ್ದವು. ಹೋಟೆಲಿಗೆ ಬರುವ ನಮ್ಮ ಜನರೇ ಕರುಣಾಕರನನ್ನು ಕೇಳುತ್ತಿದ್ದರಂತೆ, "ಏನ್ರೀ, ನಿಮ್ಮನೆಯವರ ಲಿಸ್ಟಲ್ಲಿ ನಮ್ಮಪ್ಪನೂ ಇದಾರಾ? ಹೋಗಿ ಹದಿನೈದು ವರ್ಷ ಆಯ್ತು, ಬಂದ್ರೆ ತಿಳಿಸಿ" ಅಂತ. ನಗುವುದಕ್ಕೆ ಹೇಳಿದ್ದು. ಸ್ಕೂಲಿನಲ್ಲಿ ಯಾರೂ ನಗುತ್ತಿರಲಿಲ್ಲ, ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು.

ಆಗ ಬೆಲ್ಲು ಆಯಿತು. ಪೋಸ್ಟಿನವನು. ಕೌಂಟಿಯಿಂದ ಕೈವಾರ ಸೂರ್ಯನಾರಾಯಣರಿಗೆ ಒಂದು ಕಾಗದ, ಸಹಿ ಹಾಕಿ ತೆಗೆದುಕೊಳ್ಳಬೇಕು. ಸತ್ತವರನ್ನು ವಿಚಾರಣೆಗೆ ಕರೆದಿದ್ದರು. ಅವನು ಕೊಟ್ಟ ಹಸಿರು ಕಾರ್ಡಿನ ಮೇಲೆ ಬಾಗಿಲಲ್ಲೇ ನಿಂತು ಸಹಿ ಹಾಕಿದೆ. ಗುಲಾಬಿ ನನ್ನ ಭುಜದ ಹಿಂದೆ ನಿಂತಿದ್ದಳು. ಬಗ್ಗಿ ಕಾರ್ಡು ನೋಡಿದಳು.

ಪೋಸ್ಟಿನವನು ಹೋದ. "ಅಕ್ಕ," ಅಂದಳು, "ಈ ಕಾಗದದ ಹಿಂದೆ ಇನ್ನೊಂದು ಸಲ ಹಾಕಿ."

ಹಾಕಿದೆ. ಅವಳು ಬಾಗಿಲಿಗೆ ಒರಗಿದಳು.

"ಇದು ಭಾವನ ಸಹಿ."

"ಇದು ನನ್ನದು," ಅಂದೆ. ಹೇಳುತ್ತಾ ಹೇಳುತ್ತಾ ನನಗೂ ಅರ್ಥವಾಯಿತು.

ನಾನು ಕಲಿತದ್ದು ಮೂರನೇ ಕ್ಲಾಸು, ಅದೂ ಕನ್ನಡ. ಇಂಗ್ಲಿಷು ಬಾರದು. ಸಿಟಿಜನ್ ಆಗುವಾಗ ಇಂಗ್ಲಿಷಿನಲ್ಲಿ ಸಹಿ ಬೇಕು ಅಂತ ಯಜಮಾನರು ತಮ್ಮ ಸಹಿಯನ್ನೇ ಬರೆದುಕೊಟ್ಟರು. ಅವರದೂ ಕೆ. ಸೂರ್ಯನಾರಾಯಣ, ನನ್ನದೂ ಕೆ. ಸೂರ್ಯನಾರಾಯಣ, ಬೇರೆ ಯಾಕೆ ಕಲೀಬೇಕು ಅಂದರು. ಮೂರು ತಿಂಗಳು ದಿನಾ ಬೆಳಿಗ್ಗೆ ಅದರ ಮೇಲೆ ತಿದ್ದಿದೆ, ರಂಗೋಲಿ ಎಳೆ ಕಲಿತ ಹಾಗೆ. ಕೊನೆಯಲ್ಲಿ ಅವರು ಎಳೆಯುವ ಬಾಲ, ಅದರ ಕೆಳಗಿನ ಚುಕ್ಕೆ, ಎಲ್ಲ ನನ್ನ ಕೈಗೆ ಬಂತು. ಎರಡು ಸಾಲಿನಲ್ಲೂ ಒಂದೇ ಸಹಿ ಅಚ್ಚಾಗಿತ್ತು. ಆದರೆ ಅವರಿದ್ದಾಗ ರೂಲರಿಟ್ಟು ಒಂದೊಂದೇ ಸಾಲು ನೋಡುತ್ತಿದ್ದ, ಅವರು ಹೋದ ಮೇಲೆ ಅವರ ಸಾಲನ್ನೇ ರೂಲರಿನಿಂದ ಮುಚ್ಚುತ್ತಿದ್ದ ಗುಲಾಬಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲೇ ಇಲ್ಲ.

ಆ ದಿನ ನಾನು ಎತ್ತಿಕೊಂಡು ಹೋದದ್ದು ಅವರ ಹೆಸರಿನ ಕಾಗದ. ಹಾಕಿಕೊಂಡಿದ್ದು ಅವರ ಕೋಟು. ಟೋಪಿ, ಕಪ್ಪು ಕನ್ನಡಕ. ಬಿಳಿ ಅಜ್ಜಿ ಚೀಟಿ ಕೊಡುವಾಗ "ಥ್ಯಾಂಕ್ ಯೂ, ಸರ್" ಅಂದಿದ್ದಳು. ಆಗ ನೆನಪಾಯಿತು. ಇಲ್ಲಿಯವರು ಎಲ್ಲರಿಗೂ ಏನೋ ಒಂದು ಅನ್ನುತ್ತಾರೆ ಅಂತ ನಾನು ತಲೆಯಾಡಿಸಿ ಬಂದಿದ್ದೆ.

"ಹಾಗಾದ್ರೆ ನಿಮ್ಮ ಸಾಲು ಖಾಲಿ," ಅಂದಳು ಗುಲಾಬಿ. "ಪುಸ್ತಕದಲ್ಲಿ ಭಾವ ಬದುಕಿದ್ದಾರೆ. ನೀವು ಬರ್ಲಿಲ್ಲ."

ಅವಳಿಗೆ ನಗು ಬಂತು, ನಗುತ್ತಲೇ ಅತ್ತಳು. ಆಮೇಲೆ ಕಣ್ಣೊರಸಿಕೊಂಡು ಹೇಳಿದಳು: "ನೀವು ಬರುದು ಬೇಡ. ಕಣ್ಣು ಸರಿ ಇಲ್ಲ, ವಯಸ್ಸಾಗಿದೆ. ಅಲ್ಲಿ ಪ್ರಮಾಣ ಮಾಡಿಸ್ತಾರೆ, ಗಂಡನ ಹೆಸರು ಬಾಯಲ್ಲೇ ಹೇಳ್ಬೇಕು. ನಾನೇ ಹೇಳ್ತೇನೆ, ಊಟಕ್ಕೆ ಎದ್ದು ಹೋದದ್ದು ನನ್ನ ತಪ್ಪು ಅಂತ. ಹೋದ್ರೆ ಒಂದು ಕುರ್ಚಿ."

"ಒಂದೇ ಕುರ್ಚಿ ಅಂತ ನೀನೇ ಹೇಳಿದ್ದೆ," ಅಂದೆ.

ಡಿಸೆಂಬರ್ ಮೂರು, ಗುರುವಾರ, ಬೆಳಿಗ್ಗೆ ಹತ್ತು. ನವ್ಯಾ ರಜ ಹಾಕಿ ಕರೆದುಕೊಂಡು ಹೋದಳು. ಕೌಂಟಿ ಕಟ್ಟಡದಲ್ಲಿ ಕಿಟಕಿ ಇಲ್ಲದ ರೂಮು. ಒಂದು ಕಡೆ ಕಾಂಟ್ರಾಕ್ಟರು, ಅವನ ಲಾಯರು. ಮಧ್ಯದಲ್ಲಿ ವಿಚಾರಣೆ ಮಾಡುವ ಹೆಂಗಸು, ಅವಳ ಮುಂದೆ ಮಾತು ಹಿಡಿಯುವ ಮೆಷಿನ್ನು. ಗುಲಾಬಿ ಅದೇ ಕಂದು ಸ್ವೆಟರಿನಲ್ಲಿ ಕೈಕಟ್ಟಿ ಕೂತಿದ್ದಳು.

ಎಲ್ಲವನ್ನೂ ಹೇಳಿದೆ. ಕಣ್ಣು, ಕೋಟು, ಕಾಗದ, ಮೂರು ತಿಂಗಳು ತಿದ್ದಿದ್ದು. ನವ್ಯಾ ಇಂಗ್ಲಿಷಿನಲ್ಲಿ ಹೇಳಿದಳು. ಬಿಳಿ ಕಾಗದದ ಮೇಲೆ ಮೂರು ಸಲ ಸಹಿ ಹಾಕಿಸಿದರು. ಲಾಯರು ಕಾಗದವನ್ನು ಪುಸ್ತಕದ ಪಕ್ಕ ಇಟ್ಟು ನೋಡಿ, ನನ್ನ ಕೈ ನೋಡಿದ. ನೋಡಬಾರದ್ದನ್ನು ನೋಡಿದವನ ಹಾಗೆ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಆಮೇಲೆ ಆ ಹೆಂಗಸು ಗಂಡನ ಪೂರ್ತಿ ಹೆಸರು ಕೇಳಿದಳು.

ಗುಲಾಬಿ ಅಭ್ಯಾಸಬಲದಿಂದ ಅರ್ಧ ಎದ್ದು ಬಾಯಿ ತೆಗೆದಳು. ಹೆಂಗಸು ಕೈ ಎತ್ತಿ ತಡೆದಳು. ಬೇರೆಯವರು ಹೇಳುವ ಹಾಗಿಲ್ಲ.

"ಬರೆದುಕೊಡ್ತೀನಿ ಅಂತ ಹೇಳೇ," ಅಂದೆ ನವ್ಯಾಗೆ.

"ಅಜ್ಜಿ, ಇಟ್ ಹ್ಯಾಸ್ ಟು ಬಿ ಸ್ಪೋಕನ್." ನನ್ನ ಕೈ ಹಿಡಿದುಕೊಂಡಳು. "ಪ್ಲೀಸ್."

ಗುಲಾಬಿಯನ್ನು ನೋಡಿದೆ. ಅವಳು ಬೇಡ ಅಂತ ತಲೆಯಾಡಿಸುತ್ತಿದ್ದಳು.

"ಕೈವಾರ ಸೂರ್ಯನಾರಾಯಣ," ಅಂದೆ. ಐವತ್ತಾರು ವರ್ಷದ ಮೇಲೆ. "ಅವರು ನನ್ನ ಯಜಮಾನರು. ಅವರು ಸತ್ತುಹೋಗಿದಾರೆ. ಅವರು ಬರಲಿಲ್ಲ, ನಾನು ಬಂದಿದ್ದೆ."

ಆ ಹೆಂಗಸು ಸರಿಯಾಗಿ ಹಿಡಿದಿದೆಯೇ ಅಂತ ಮೆಷಿನ್ನನ್ನು ಹಿಂದಕ್ಕೆ ತಿರುಗಿಸಿ ಹಾಕಿದಳು. ಸಣ್ಣ ಡಬ್ಬದೊಳಗಿಂದ ಹೆಸರು ಬಂತು. ಧ್ವನಿ ನನ್ನದೇ ಇರಬೇಕು. ಆದರೆ ಫೋನು ಎತ್ತಿದಾಗ ಅವರು ತಮ್ಮ ಹೆಸರು ತಾವೇ ಹೇಳಿಕೊಳ್ಳುತ್ತಿದ್ದರಲ್ಲ, ಗಂಟಲು ಸ್ವಲ್ಪ ಕಟ್ಟಿದ ಹಾಗೆ, ಅದೇ ರೀತಿ ಇತ್ತು. ನವ್ಯಾ ನನ್ನ ಕೈ ಬಿಟ್ಟು ಡಬ್ಬದ ಕಡೆ ತಿರುಗಿ ನೋಡಿದಳು.

ವೋಟು ಹಾಕುವ ಹಕ್ಕಿದ್ದವಳೇ ಹಾಕಿದ್ದಾಳೆ, ಸಾಲು ತಪ್ಪಿದೆ ಅಷ್ಟೆ, ಅಂತ ತೀರ್ಮಾನ ಆಯಿತು. ಟೀಚರಮ್ಮನ ಒಂದು ವೋಟು ಉಳಿಯಿತು. ಸತ್ತವರ ಹೆಸರು ಗೊತ್ತಾದ ದಿನವೇ ತಿಳಿಸಬೇಕಿತ್ತು ಅಂತ ಗುಲಾಬಿಗೆ ನಾಲ್ಕು ಮಾತು ಹೇಳಿದರು. ಕುರ್ಚಿ ಉಳಿಯಿತು. ಹೊರಗೆ ಬಂದ ಮೇಲೆ ಅವಳು ಕಾರಿನ ಬಾಗಿಲು ಹಿಡಿದುಕೊಂಡು, "ನನಗೋಸ್ಕರ ಹೇಳ್ಬಾರ್ದಿತ್ತು ಅಕ್ಕ," ಅಂದಳು. "ಹೋದವರ ಆಯುಸ್ಸು ಇನ್ನೇನು ಕಡಿಮೆ ಆಗುತ್ತೆ?" ಅಂದೆ.

ಮುಂದಿನ ಅಕ್ಟೋಬರಿನಲ್ಲಿ ಪೋಸ್ಟಿನಲ್ಲಿ ಒಂದೇ ಕಾಗದ ಬಂತು.

ನವೆಂಬರಿನಲ್ಲಿ ಸಂಜೆಯೇ ಹೋದೆ, ನನ್ನ ಕೋಟು ಹಾಕಿಕೊಂಡು. ಗುಲಾಬಿ ಕುರ್ಚಿಯಲ್ಲಿ ಇದ್ದಳು. ಹೆಸರು ಅವಳೇ ಹೇಳಿದಳು, ನಾನು ಹೇಳಿಸಿಕೊಂಡೆ. ಪುಟ ತೆರೆದು, ಅಭ್ಯಾಸದಿಂದ ರೂಲರನ್ನು ಮೇಲಿನ ಸಾಲು ಮುಚ್ಚುವ ಹಾಗೆ ಇಡಲು ಹೋಗಿ ಕೈ ನಿಲ್ಲಿಸಿದಳು. ಮೇಲಿನ ಸಾಲು ಬೇರೆ ಯಾರದ್ದೋ. ನನಗೆ ಗೊತ್ತಿಲ್ಲದ ಹೆಸರು, ಗೊತ್ತಿಲ್ಲದ ಸಹಿ. ಹೆಸರು ಬಾಯಲ್ಲಿ ಹೇಳಿದೆ, ಅವರು ಪುಸ್ತಕದಿಂದ ಹೋದರು. ನಮ್ಮಜ್ಜಿ ಹೇಳಿದ್ದು ಅದನ್ನೇ.

"ಹಾಕಿ ಅಕ್ಕ, ಹಿಂದೆ ರೈಲಿನವರು ಬಂದ್ರು," ಅಂದಳು ಗುಲಾಬಿ ಮೆಲ್ಲಗೆ.

ಪೆನ್ನು ತೆಗೆದುಕೊಂಡು ಅವರ ಸಹಿ ಹಾಕಿದೆ. ಕೊನೆಯ ಬಾಲ ಎಳೆದು, ಕೆಳಗೆ ಚುಕ್ಕೆ ಇಟ್ಟೆ. ಗುಲಾಬಿ ಎರಡನ್ನೂ ನೋಡಿ, ಸರಿಯಾಗಿದೆ ಅಂತ ಚೀಟಿ ಹರಿದುಕೊಟ್ಟಳು.